ನೀಲಕಂಠಕ್ಕೆ ‘ಬ್ಲೂ ಜೇ’ ಅನ್ನೋದು ಸರಿನಾ? ಮನೆಯಲ್ಲಿ ಜಗಳ ಶುರುವಾಗಿದೆ

ಶಿರಾ_ಕಡೆಯವ

ಎಲ್ಲರಿಗೂ ನಮಸ್ಕಾರ. ನಾನು ಹಕ್ಕಿ ನೋಡೋಕೆ ಹೋಗುವವನಲ್ಲ. ಕ್ಯಾಮೆರಾ, ದುರ್ಬೀನು ಏನೂ ಇಲ್ಲ. ಒಂದು ಸಣ್ಣ ಜಗಳ ಬಗೆಹರಿಸಿಕೊಳ್ಳೋಣ ಅಂತ ಇಲ್ಲಿಗೆ ಬಂದಿದ್ದೇನೆ.

ಹೋದ ಭಾನುವಾರ ಶಿರಾ ಹತ್ತಿರ ನಮ್ಮ ಸೋದರಮಾವನ ಹೊಲಕ್ಕೆ ಹೋಗಿದ್ದೆವು. ಕಡಲೆಕಾಯಿ ಕಿತ್ತಾಗಿತ್ತು, ಹೊಲ ಬೋಳು. ಬೋರ್‌ವೆಲ್‌ಗೆ ಹೋಗುವ ಕರೆಂಟ್ ತಂತಿ ಮೇಲೆ ಒಂದು ಹಕ್ಕಿ ಸುಮ್ನೆ ಕೂತಿತ್ತು. ಪಾರಿವಾಳದಷ್ಟು ದೊಡ್ಡದು, ತಲೆ ದಪ್ಪ, ಕತ್ತೇ ಇಲ್ಲವೇನೋ ಅನ್ನೋ ಹಾಗೆ. ಎದೆಯೆಲ್ಲ ಮಣ್ಣಿನ ಬಣ್ಣ. ಬೆಳವ ಇರಬೇಕು ಅಂದುಕೊಂಡು ಅದರ ಕಡೆ ಗಮನವನ್ನೂ ಕೊಡಲಿಲ್ಲ. ಅಷ್ಟರಲ್ಲಿ ಅದು ತಂತಿ ಬಿಟ್ಟು ಕೆಳಕ್ಕೆ ಇಳಿಯಿತು ನೋಡಿ, ರೆಕ್ಕೆ ಬಿಚ್ಚಿದ್ದೇ ತಡ, ನನ್ನ ಕೈಯಲ್ಲಿದ್ದ ಕಾಫಿ ಲೋಟ ವಾಲಿ ಪ್ಯಾಂಟಿನ ಮೇಲೆ ಚೆಲ್ಲಿತು. ಅಷ್ಟು ನೀಲಿ. ಒಂದಲ್ಲ, ಎರಡು ಥರದ ನೀಲಿ, ಒಂದು ಗಾಢ ಒಂದು ತಿಳಿ, ಪಟ್ಟೆ ಪಟ್ಟೆಯಾಗಿ. ಏನೋ ಹುಳ ಎತ್ತಿಕೊಂಡು ಮತ್ತೆ ತಂತಿಗೆ ಬಂತು, ರೆಕ್ಕೆ ಮಡಚಿತು, ಮತ್ತೆ ಅದೇ ಮಣ್ಣು ಬಣ್ಣ!

ಅಪ್ಪ ‘ಅದು ನೀಲಕಂಠ ಕಣೋ, ನಮ್ಮ ರಾಜ್ಯದ ಹಕ್ಕಿ’ ಅಂದರು. ಕಾನ್ವೆಂಟಿನಲ್ಲಿ ಓದಿದ ಮಾವ ‘ಬ್ಲೂ ಜೇ ಭಾವ, ನಮ್ಮ ಸ್ಕೂಲಿನ ಚಾರ್ಟಿನಲ್ಲೇ ಇತ್ತು’ ಅಂತ ಶುರು ಮಾಡಿದರು. ಮಗಳು ಮೊಬೈಲಿನಲ್ಲಿ ಹುಡುಕಿ ‘ತಾತ, ಇದು ಇಂಡಿಯನ್ ರೋಲರ್’ ಅಂದಳು. ಟೊರಾಂಟೊದಲ್ಲಿರುವ ಅಕ್ಕನ ಮಗನಿಗೆ ವಿಡಿಯೋ ಕಾಲ್ ಮಾಡಿದರೆ ಅವನು ‘ಬ್ಲೂ ಜೇ ನಮ್ಮ ಹಿತ್ತಲಿಗೆ ದಿನಾ ಬರುತ್ತದೆ ಮಾವ, ಇಲ್ಲಿನ ಬೇಸ್‌ಬಾಲ್ ತಂಡಕ್ಕೂ ಅದೇ ಹೆಸರು, ನೀವು ಹೇಳ್ತಿರೋದು ಅದಲ್ಲವೇ ಅಲ್ಲ’ ಅಂತ ಇನ್ನೊಂದು ಹುಳ ಬಿಟ್ಟ.

ಈಗ ಹೇಳಿ, ಯಾರು ಸರಿ? ಜೇ ಅಂದರೆ ಕಾಗೆ ಜಾತಿಯಂತೆ, ಹೌದಾ? ಈ ಹಕ್ಕಿ ಕಾಗೆಗೆ ನೆಂಟನಾ? ಮತ್ತೆ ಕೂತಾಗ ಯಾಕೆ ಅಷ್ಟು ಸಪ್ಪೆ? ಚಿಕ್ಕವನಿದ್ದಾಗ ಬಸ್ಸಿನ ಕಿಟಕಿಯಿಂದ ತಂತಿ ಮೇಲೆ ಇವು ಕಾಣುತ್ತಿದ್ದವು ಅನ್ನೋ ನೆನಪು ಇದೆ. ಈಗ ಒಂದು ನೋಡಿದ್ದಕ್ಕೇ ಮನೆಯಲ್ಲಿ ಇಷ್ಟು ಗಲಾಟೆ.

ಕಡ್ಡಿಮುರಿದಂಗೆ

ಜೇ ಅಲ್ಲ. ರೋಲರ್. ಮಗಳಿಗೆ ಮಾರ್ಕ್ಸ್ ಕೊಡಿ. ಅಪ್ಪನಿಗೂ ಕೊಡಿ. ಮಾವನಿಗೆ ಅರ್ಧ, ಯಾಕಂದರೆ ಚಾರ್ಟಿನಲ್ಲಿ ನಿಜವಾಗಿಯೂ ಹಾಗೇ ಇತ್ತು.

ಮಟಪಕ್ಷಿ

ಮೇಲಿನವರು ಹೇಳಿದ್ದು ಸರಿ, ಆದರೆ ಮಾವನ ಪರವಾಗಿ ಸ್ವಲ್ಪ ವಾದ ಮಾಡುತ್ತೇನೆ. ಈ ತಪ್ಪು ಅವರದ್ದಲ್ಲ, ಸುಮಾರು 300 ವರ್ಷ ಹಳೆಯದು.

1731ರಲ್ಲಿ ಎಲಿಯಾಜರ್ ಆಲ್ಬಿನ್ ಅನ್ನುವ ಇಂಗ್ಲಿಷ್ ಚಿತ್ರಗಾರ ಈ ಹಕ್ಕಿಯ ಚಿತ್ರ ಪ್ರಕಟಿಸಿ ‘ಬಂಗಾಳದ ಜೇ’ ಅಂತ ಬರೆದ. ಅವರ ಊರಿನಲ್ಲಿ ಜೇ ಅನ್ನೋ ಹಕ್ಕಿ ಇದೆ, ಅದರ ರೆಕ್ಕೆಯಲ್ಲೂ ಒಂದು ಚೂರು ನೀಲಿ ಇದೆ, ಗಾತ್ರವೂ ಹತ್ತಿರ ಹತ್ತಿರ. ನೀಲಿ ಕಂಡಿತು, ಜೇ ಅಂದರು, ಅಷ್ಟೇ. ಆಮೇಲೆ 1758ರಲ್ಲಿ ಲಿನೇಯಸ್ ಅದೇ ವಿವರಣೆ ಇಟ್ಟುಕೊಂಡು ಕಾರ್ವಸ್ ಬೆಂಗಾಲೆನ್ಸಿಸ್ ಅಂತ ಹೆಸರಿಟ್ಟ. ಕಾರ್ವಸ್ ಅಂದರೆ ಕಾಗೆಯ ಕುಲ! ಅಂದರೆ ಜೀವಿಗಳಿಗೆಲ್ಲ ಹೆಸರಿಟ್ಟ ಮಹಾಶಯನೇ ನೀಲಕಂಠವನ್ನು ಕಾಗೆ ಮನೆಗೆ ದತ್ತು ಕೊಟ್ಟಿದ್ದ. ಈಗಿನ ಹೆಸರು ಕೊರೇಸಿಯಸ್ ಬೆಂಗಾಲೆನ್ಸಿಸ್. ಕಾಗೆ ಹೋಯಿತು, ಬಂಗಾಳ ಉಳಿಯಿತು. ಇಲ್ಲಿದ್ದ ಬ್ರಿಟಿಷರ ಬಾಯಲ್ಲಿ ಮಾತ್ರ ‘ಬ್ಲೂ ಜೇ’ ಹಾಗೇ ಓಡಾಡಿತು, ಅಲ್ಲಿಂದ ನಮ್ಮ ಶಾಲೆಯ ಚಾರ್ಟಿಗೂ ಬಂತು.

ನಿಜವಾದ ನೆಂಟರು ಯಾರು ಅಂದರೆ ಮಿಂಚುಳ್ಳಿ ಮತ್ತು ಕಳ್ಳಿಪೀರ (ಇಂಗ್ಲಿಷಿನಲ್ಲಿ ಬೀ ಈಟರ್). ಕೂರುವ ಶೈಲಿ ನೋಡಿದರೇ ಗೊತ್ತಾಗುತ್ತದೆ. ಮೂರೂ ಎತ್ತರದಲ್ಲಿ ಅಲ್ಲಾಡದೆ ಕೂರುತ್ತವೆ, ಬೇಟೆ ಕಂಡರೆ ಹೊರಡುತ್ತವೆ, ಮೂರೂ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ, ಬಿಲದಲ್ಲೋ ಪೊಟರೆಯಲ್ಲೋ ಬಿಳಿ ಮೊಟ್ಟೆ ಇಡುತ್ತವೆ. ಕಾಗೆ ಕುಟುಂಬದವು ಕಡ್ಡಿ ಗೂಡು ಕಟ್ಟುತ್ತವೆ, ನೆಲದಲ್ಲಿ ಯಜಮಾನನ ಹಾಗೆ ನಡೆದಾಡುತ್ತವೆ, ಸಿಕ್ಕಿದ್ದೆಲ್ಲ ತಿನ್ನುತ್ತವೆ. ನೀಲಕಂಠಕ್ಕೆ ನೆಲದ ಮೇಲೆ ನಡೆಯೋದು ಅಂದರೆ ಕಷ್ಟ, ಒಂದೆರಡು ಸಲ ಕುಪ್ಪಳಿಸಿ ಎದ್ದುಬಿಡುತ್ತದೆ.

ಕರ್ನಾಟಕದಲ್ಲಿ ಜೇ ಅಂತ ಒಂದೂ ಇಲ್ಲ. ಭಾರತದ ಜೇಗಳನ್ನು ನೋಡಬೇಕಾದರೆ ಹಿಮಾಲಯಕ್ಕೆ ಹೋಗಬೇಕು. ನಮ್ಮ ಒಣ ಕಾಡಿನಲ್ಲಿ ಜೇಗೆ ಹತ್ತಿರದ ಸಂಬಂಧಿ ಬೇಕು ಅಂದರೆ ಉದ್ದ ಬಾಲದ, ಕಂದು ಮೈಯ ಮಟಪಕ್ಷಿ. ಅದು ಅಪ್ಪಟ ಕಾಗೆ ವಂಶ, ಕಳ್ಳತನದಲ್ಲೂ ಸೇರಿ. (ನನ್ನ ಹೆಸರು ನೋಡಿ ಪಕ್ಷಪಾತ ಅನ್ನಬೇಡಿ.)

ಇನ್ನು ಬಣ್ಣದ ಮಾತು. ಕೂತಾಗ ಸಪ್ಪೆ ಯಾಕೆ ಅಂದರೆ ನೀಲಿ ಎಲ್ಲ ಇರುವುದು ರೆಕ್ಕೆಯ ಗರಿಗಳಲ್ಲಿ, ಬಾಲದಲ್ಲಿ, ಹೊಟ್ಟೆಯ ಕೆಳಗೆ. ಮಡಚಿ ಕೂತರೆ ನಮಗೆ ಕಾಣೋದು ಕಂದು ಎದೆ, ಹಸಿರು ಕಲೆಸಿದ ಕಂದು ಬೆನ್ನು. ನೆತ್ತಿ ಮೇಲೆ ಒಂದು ನೀಲಿ ಟೋಪಿ ಇರುತ್ತದೆ, ದೂರದಿಂದ ಅದೂ ಗೊತ್ತಾಗುವುದಿಲ್ಲ. ಮತ್ತೊಂದು ತಮಾಷೆ ಕೇಳಿ, ಆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ನೀಲಿ ಬಟ್ಟೆಯಲ್ಲಿ ಇರುವ ಹಾಗೆ ಬಣ್ಣದ ಪದಾರ್ಥ ಇಲ್ಲ ಅಂತ. ಗರಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳಿಗಳ ಜಾಲ ಇದೆ, ಅದು ಬೆಳಕಿನಲ್ಲಿರುವ ನೀಲಿಯನ್ನು ಮಾತ್ರ ಚದುರಿಸಿ ನಮ್ಮ ಕಡೆ ಎಸೆಯುತ್ತದೆ. ಗರಿಯನ್ನು ಕುಟ್ಟಿ ಪುಡಿ ಮಾಡಿದರೆ ನೀಲಿ ಮಾಯ, ಬರೀ ಕಂದು ಪುಡಿ. ಉದುರಿದ ಗರಿ ಸಿಕ್ಕರೆ ಬಿಸಿಲಿಗೆ ಅಡ್ಡ ಹಿಡಿದು ಹಿಂದಿನಿಂದ ಬೆಳಕು ಬರುವ ಹಾಗೆ ನೋಡಿ, ಆಗಲೂ ನೀಲಿ ಸತ್ತುಹೋಗುತ್ತದೆ. ನೋಡಿ ಅಲ್ಲೇ ಬಿಟ್ಟುಬನ್ನಿ, ಮನೆಗೆ ತರಬೇಡಿ.

ಹಳೇ_ಮೇಷ್ಟ್ರು

ಬಂಗಾಳದ ಜೇ, ಕಾಗೆ, ರೋಲರ್ ಅಂತ ಅವರೆಲ್ಲ ತಡಕಾಡುವ ಎಷ್ಟೋ ಮುಂಚೆ ಅಮರಕೋಶದಲ್ಲಿ ಇದಕ್ಕೆ ಎರಡು ಹೆಸರು ಇದ್ದವು. ‘ಚಾಷ’ ಮತ್ತು ‘ಕಿಕೀದಿವಿ’. ಎರಡನೆಯದನ್ನು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ, ಹಕ್ಕಿ ಕೂಗೇ ಹೆಸರಾಗಿರಬೇಕು ಅಂತ ನನಗಂತೂ ಅನ್ನಿಸುತ್ತದೆ. ಹುಡುಗರಿಗೆ ಪಾಠ ಮಾಡುವಾಗ ಕಿಕೀದಿವಿ ಅಂದರೆ ಇಡೀ ತರಗತಿ ನಗುತ್ತಿತ್ತು, ಹೆಸರು ಮಾತ್ರ ಒಬ್ಬರೂ ಮರೆಯುತ್ತಿರಲಿಲ್ಲ.

ಅಂದ ಹಾಗೆ ‘ನೀಲಕಂಠ’ ಕೂಡ ಅಷ್ಟೇನೂ ಸರಿಯಾದ ಹೆಸರಲ್ಲ. ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರ ಕಂಠ ನೀಲಿ ಅಲ್ಲವೇ ಅಲ್ಲ! ನೇರಳೆ ಮಿಶ್ರಿತ ಕಂದು, ಅದರ ಮೇಲೆ ಬಿಳಿ ಗೀರು. ಮೈಯೆಲ್ಲ ನೀಲಿ ಇಟ್ಟುಕೊಂಡು ಕಂಠ ಒಂದನ್ನು ಬಿಟ್ಟ ಹಕ್ಕಿಗೆ ನೀಲಕಂಠ ಅಂದಿದ್ದೇವೆ. ಹಾಗಾಗಿ ‘ಶಿರಾ_ಕಡೆಯವ’ರ ಅಪ್ಪನಿಗೂ ಪೂರ್ತಿ ಮಾರ್ಕ್ಸ್ ಕೊಡೋಕೆ ಆಗುವುದಿಲ್ಲ, ಕ್ಷಮಿಸಿ.

ಫೋಟೋ_ಪ್ರಿಯ

ಅಯ್ಯೋ, ನಾನು ಎರಡು ವರ್ಷದಿಂದ ನೀಲಕಂಠ ಅಂತ ಸ್ಟೇಟಸ್ ಹಾಕಿಕೊಂಡಿರೋ ಫೋಟೋದಲ್ಲಿ ಕೊಕ್ಕು ಕೆಂಪಗಿದೆ, ಎದೆ ಬೆಳ್ಳಗಿದೆ. ಇದು ಯಾವುದು ಹಾಗಾದರೆ?

ಕಡ್ಡಿಮುರಿದಂಗೆ

ಮಿಂಚುಳ್ಳಿ. ಸ್ಟೇಟಸ್ ತೆಗೆಯಿರಿ.

ಮಟಪಕ್ಷಿ

ಹಹ್ಹಾ, ನಾಚಿಕೊಳ್ಳಬೇಡಿ, ಇದು ಅರ್ಧ ಕರ್ನಾಟಕ ಮಾಡುವ ತಪ್ಪು. ರಾಜ್ಯೋತ್ಸವದ ಪೋಸ್ಟರುಗಳಲ್ಲೇ ಬಿಳಿ ಎದೆಯ ಮಿಂಚುಳ್ಳಿಯನ್ನು ಹಾಕಿ ‘ನಮ್ಮ ನಾಡಪಕ್ಷಿ’ ಅಂತ ಬರೆದದ್ದನ್ನು ನೋಡಿದ್ದೇನೆ. ಕೊಕ್ಕು ನೋಡಿದರೆ ಸಾಕು. ದಪ್ಪ ಕೆಂಪು ಕೊಕ್ಕಾದರೆ ಮಿಂಚುಳ್ಳಿ. ಕಪ್ಪು ಕೊಕ್ಕು, ಕಣ್ಣಿನ ಸುತ್ತ ಹಳದಿ ಮಿಶ್ರಿತ ಬೋಳು ಚರ್ಮ ಇದ್ದರೆ ನೀಲಕಂಠ. ಮಿಂಚುಳ್ಳಿ ಕೂತಾಗಲೂ ನೀಲಿಯಾಗೇ ಇರುತ್ತದೆ, ಅದಕ್ಕೇ ಫೋಟೋದಲ್ಲಿ ಅದು ಗೆಲ್ಲುತ್ತದೆ.

ತೆಂಗಿನ_ಬೊಡ್ಡೆ

ಪುಸ್ತಕದ ಮಾತು ನನಗೆ ಅಷ್ಟಾಗಿ ಗೊತ್ತಿಲ್ಲ. ಹಿರಿಯೂರು ಕಡೆ ನಮ್ಮದು ನಾಲ್ಕು ಎಕರೆ. ನೋಡಿದ್ದನ್ನು ಹೇಳುತ್ತೇನೆ.

ಬೋರ್ ಬತ್ತಿದ ವರ್ಷ ನಮ್ಮ ತೋಟದಲ್ಲಿ ಹನ್ನೊಂದು ತೆಂಗು ಸತ್ತವು. ಸುಳಿ ಒಣಗಿ ಬಿದ್ದುಹೋಗಿ ಬರೀ ಬೊಡ್ಡೆ ನಿಂತಿದ್ದವು. ಕಡಿಸೋಕೆ ಕೂಲಿ ಕೊಡಬೇಕಲ್ಲ ಅಂತ ಸುಮ್ನೆ ಬಿಟ್ಟಿದ್ದೆ. ಮೊದಲು ಮರಕುಟಿಗ ಬಂದು ತೂತು ಕೊರೆಯಿತು. ಮುಂದಿನ ವರ್ಷ ಅದರಲ್ಲಿ ಗಿಣಿ. ಅದರ ಮುಂದಿನ ವರ್ಷ ಮಾರ್ಚ್ ತಿಂಗಳಲ್ಲಿ ನೀಲಕಂಠದ ಜೋಡಿ. ಅವುಗಳ ಕೊಕ್ಕಿಗೆ ಮರ ಕೊರೆಯುವ ಶಕ್ತಿ ಇಲ್ಲ, ಯಾರೋ ಕಟ್ಟಿದ ಮನೆಗೆ ಬಾಡಿಗೆಗೆ ಬಂದವರು. ಗೊರವಂಕಗಳೂ ಅದೇ ತೂತಿಗೆ ಕಣ್ಣು ಹಾಕಿದ್ದವು, ನಾಲ್ಕೈದು ದಿನ ಬೆಳಗಾದರೆ ಜಗಳ.

ಅದಕ್ಕೂ ಮೊದಲು ಗಂಡಿನ ಆಟ ನೋಡಬೇಕಿತ್ತು. ನೇರ ಮೇಲಕ್ಕೆ ಹೋಗುತ್ತದೆ, ಇನ್ನು ಸಾಕು ಅನ್ನೋ ಎತ್ತರದಿಂದ ರೆಕ್ಕೆ ಬಿಟ್ಟು ತಲೆಕೆಳಗಾಗಿ ಬೀಳುತ್ತದೆ, ನಡುವೆ ಆ ಕಡೆ ಈ ಕಡೆ ಹೊರಳುತ್ತದೆ, ಅದರ ಜೊತೆಗೆ ತಗಡು ಕೆರೆದ ಹಾಗೆ ಕಿರುಚಾಟ. ರೋಲರ್ ಅಂದರೆ ಉರುಳುವವನು ಅಂತ ಮಗ ಹೇಳಿದ ಮೇಲೆ ಹೆಸರು ಯಾಕೆ ಅಂತ ಅರ್ಥ ಆಯಿತು. ನೋಡೋಕೆ ರಾಜ, ಗಂಟಲು ಮಾತ್ರ ದೇವರಿಗೇ ಪ್ರೀತಿ.

ಮೊಟ್ಟೆ ಎಷ್ಟು ಅಂತ ನಾನು ಹತ್ತಿ ನೋಡಲಿಲ್ಲ. ಮರಿ ಆದ ಮೇಲೆ ಎರಡೂ ಸೇರಿ ತಂದು ಹಾಕಿದ್ದು ಮಾತ್ರ ದಿನಾ ನೋಡಿದೆ. ಜಾಸ್ತಿ ಮಿಡತೆ, ಆಮೇಲೆ ಜೀರುಂಡೆ, ಒಂದು ದಿನ ಚೇಳು, ಒಂದು ದಿನ ಓತಿಕ್ಯಾತನ ಮರಿ. ಚೇಳು ತಂದ ದಿನ ತಂತಿ ಕಂಬದ ಮೇಲೆ ಕೂತು ಅದನ್ನು ಎಡಕ್ಕೆ ಬಲಕ್ಕೆ ಬಡಿದು ಬಡಿದು ಮೆತ್ತಗೆ ಮಾಡಿಕೊಂಡೇ ಗೂಡಿಗೆ ಹೋಗಿದ್ದು. ಅವಸರ ಇಲ್ಲ, ಅಗಸ ಬಟ್ಟೆ ಒಗೆದ ಹಾಗೆ. ಟ್ರ್ಯಾಕ್ಟರ್ ಬಂದರೆ ಹಿಂದೆಯೇ ಹಾಜರು, ಮಣ್ಣು ಮಗುಚಿದ ಕಡೆ ಎದ್ದ ಹುಳ ಎಲ್ಲ ಅದರ ಪಾಲು. ಮಳೆ ಬಿದ್ದ ಸಂಜೆ ಹುತ್ತದಿಂದ ಈಸಲು ಹುಳ ಏಳುತ್ತವಲ್ಲ, ಆಗ ಕತ್ತಲಾಗುವ ತನಕ ಊಟ.

ಕಾಳು ತಿನ್ನುವುದಿಲ್ಲ, ಹಣ್ಣು ಕಚ್ಚುವುದಿಲ್ಲ, ಕೂಲಿ ಕೇಳುವುದಿಲ್ಲ. ಮಿಡತೆ ಹಿಡಿಯೋಕೆ ನನಗೆ ಇದಕ್ಕಿಂತ ಒಳ್ಳೆ ಆಳು ಸಿಕ್ಕಿಲ್ಲ.

ಈಗಿನ ಕಥೆ ಕೇಳಿ. ಪಕ್ಕದ ಹೊಲದವರು ಅಲಸಂದೆಗೆ, ತೊಗರಿಗೆ ಸಿಕ್ಕಾಪಟ್ಟೆ ಔಷಧಿ ಹೊಡೆಯುತ್ತಾರೆ. ಹುಳ ಇಲ್ಲದ ಮೇಲೆ ಅದು ಯಾಕೆ ಬರುತ್ತದೆ? ನನ್ನದೂ ಒಂದು ತಪ್ಪಿದೆ. ಹೋದ ವರ್ಷ ಡ್ರಿಪ್ ಪೈಪ್ ಹಾಕಿಸುವಾಗ ಕೆಲಸಕ್ಕೆ ಬಂದವರು ‘ಒಣ ಬೊಡ್ಡೆ ಯಾಕೆ ಅಣ್ಣ, ತೋಟ ಚೊಕ್ಕ ಆಗಲಿ’ ಅಂದರು, ಹತ್ತು ಬೊಡ್ಡೆ ಉರುಳಿಸಿದರು, ನಾನು ಊರಲ್ಲಿ ಇರಲಿಲ್ಲ. ಬಂದು ನೋಡಿದಾಗ ಒಂದೇ ಉಳಿದಿತ್ತು, ಅದರಲ್ಲಿ ತೂತು ಇಲ್ಲ. ಈ ಮಾರ್ಚಿನಲ್ಲಿ ಜೋಡಿ ಬಂದು ಎರಡು ದಿನ ತಂತಿ ಮೇಲೆ ಕೂತು ಹೋಯಿತು. ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದೇನೆ ಇಲ್ಲಿ.

ಮಟಪಕ್ಷಿ

ಅಣ್ಣ, ನಿಮ್ಮ ಬರಹ ಓದಿ ನನ್ನದು ಅಳಿಸಿಬಿಡೋಣ ಅನ್ನಿಸಿತು.

ಕಮ್ಮಿ ಆಗಿರುವುದು ನಿಜ, ‘ಶಿರಾ_ಕಡೆಯವ’ರ ನೆನಪು ಸುಳ್ಳಲ್ಲ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲಿ ನೀಲಕಂಠ 12 ವರ್ಷದಲ್ಲಿ ಶೇ. 30ಕ್ಕಿಂತ ಜಾಸ್ತಿ ಇಳಿದಿದೆ ಅಂತ ಇದೆ. ದೇಶದ ತುಂಬ ಸಾವಿರಾರು ಜನ ಹವ್ಯಾಸಿಗಳು ಎಣಿಸಿ ಹಾಕಿದ ಪಟ್ಟಿಗಳಿಂದ ತೆಗೆದ ಲೆಕ್ಕ ಅದು. ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪು ಪಟ್ಟಿಯಲ್ಲಿ ಆಗ ಇದಕ್ಕೆ ‘ಕಳವಳ ಕಡಿಮೆ’ ಅನ್ನುವ ದರ್ಜೆ ಇತ್ತು, ಅದನ್ನು ಮತ್ತೆ ಪರಿಶೀಲಿಸಬೇಕು ಅಂತ ಆ ವರದಿ ಶಿಫಾರಸು ಮಾಡಿದ ಹಕ್ಕಿಗಳಲ್ಲಿ ಇದೂ ಒಂದು. ಹುಲಿ, ಆನೆ ಅಂದರೆ ಎಲ್ಲರೂ ಕಿವಿ ನಿಮಿರಿಸುತ್ತಾರೆ. ತಂತಿ ಮೇಲೆ ಕೂತದ್ದು ಒಂದೊಂದೇ ಕಮ್ಮಿ ಆದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಈಗಲೂ ನೆಮ್ಮದಿಯಾಗಿ ನೋಡಬೇಕು ಅಂದರೆ ಬಂಡೀಪುರದ ರಸ್ತೆ ಪಕ್ಕ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, ದರೋಜಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲು. ಶಿರಾದಿಂದ ಮೈದನಹಳ್ಳಿ ದೂರ ಅಲ್ಲ. ಇದು ದಟ್ಟ ಕಾಡಿನ ಹಕ್ಕಿಯಲ್ಲ ಅನ್ನೋದು ನೆನಪಿರಲಿ. ಮುತ್ತುಗ, ಕಮರ, ದಿಂಡಿಗ ಬೆಳೆಯುವ, ಬೇಸಿಗೆಗೆ ಎಲೆ ಉದುರಿ ಬೋಳಾಗುವ ಕಾಡು, ಅದರ ಅಂಚಿನ ಹೊಲ, ಇವು ಅದರ ಜಾಗ. ಆಗುಂಬೆಯ ಕತ್ತಲೆ ಕಾಡಿನೊಳಗೆ ಹೋಗಿ ಹುಡುಕಿದರೆ ಜಿಗಣೆ ಸಿಗುತ್ತದೆ, ನೀಲಕಂಠ ಅಲ್ಲ.

ರಾಯಚೂರು_ಬಿಸಿಲು

ನಮ್ಮ ಕಡೆ ವಿಷಯ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ನಮ್ಮ ತಾಯಿಯ ತವರು ಮೆಹಬೂಬ್‌ನಗರ. ಅಲ್ಲಿ ಇದಕ್ಕೆ ಪಾಲಪಿಟ್ಟ ಅಂತಾರೆ, ತೆಲಂಗಾಣದ ರಾಜ್ಯಪಕ್ಷಿಯೂ ಇದೇ. (ಒಡಿಶಾದ್ದೂ ಇದೇ. ಮೂರು ರಾಜ್ಯಕ್ಕೆ ಒಂದೇ ಹಕ್ಕಿ.) ಪಾಲ ಅಂದರೆ ತೆಲುಗಿನಲ್ಲಿ ಹಾಲಿನ ಅಂತ. ಇದರ ಗರಿ ಕತ್ತರಿಸಿ ಹುಲ್ಲಿನಲ್ಲಿ ಬೆರೆಸಿ ಹಸುವಿಗೆ ಹಾಕಿದರೆ ಹಾಲು ಜಾಸ್ತಿ ಆಗುತ್ತದೆ ಅಂತ ಹಿಂದೆ ನಂಬಿದ್ದರಂತೆ, ಹೆಸರು ಅಲ್ಲಿಂದ ಬಂತು ಅಂತಾರೆ. ಪಾಪದ ಹಕ್ಕಿ, ಹಾಲಿಗೂ ಅದೇ ಬೇಕಿತ್ತು ಜನಕ್ಕೆ.

ವಿಜಯದಶಮಿ ದಿನ ಪಾಲಪಿಟ್ಟ ಕಣ್ಣಿಗೆ ಬಿದ್ದರೆ ವರ್ಷವೆಲ್ಲ ಒಳ್ಳೆಯದು ಅಂತ. ರಾಮ ರಾವಣನ ಮೇಲೆ ಹೋಗುವ ಮುಂಚೆ ಇದನ್ನು ನೋಡಿದ ಅನ್ನೋರು ಇದ್ದಾರೆ, ಪಾಂಡವರಿಗೆ ಕಂಡಿತು ಅನ್ನೋರೂ ಇದ್ದಾರೆ. ನನ್ನ ಚಿಕ್ಕಂದಿನಲ್ಲಿ ಬನ್ನಿ ಮರದ ಹತ್ತಿರ ಹೋಗಿ ಬರುವಾಗ ಅಜ್ಜ ನಮ್ಮನ್ನು ಊರ ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಹೊಸ ಬಟ್ಟೆ ಹಾಕಿಕೊಂಡು ಎಂಟು ಹತ್ತು ಜನ ಮಕ್ಕಳು ಹೊಲದ ಬದುವಿನಲ್ಲಿ ಸಾಲಾಗಿ ತಲೆ ಎತ್ತಿಕೊಂಡು ನಡೆಯೋದು, ಯಾರಿಗೆ ಮೊದಲು ಕಂಡಿತು ಅಂತ ಪೈಪೋಟಿ. ಕಂಡರೆ ಕೈ ಮುಗಿದು ಮನೆಗೆ. ಕಾಣದಿದ್ದರೆ ಕತ್ತಲಾಗುವ ತನಕ ಅಲೆತ. ಅದು ಚೆನ್ನಾಗಿತ್ತು. ಹಕ್ಕಿ ಇದ್ದ ಕಡೆ ನಾವು ಹೋಗುತ್ತಿದ್ದೆವು.

ಈಗ ಹಕ್ಕಿಯೇ ಅಪಾರ್ಟ್‌ಮೆಂಟಿಗೆ ಬರುತ್ತದೆ. ಕೆಲವು ವರ್ಷದ ಹಿಂದೆ ದಸರೆಗೆ ದೊಡ್ಡ ಊರಿನಲ್ಲಿರುವ ನೆಂಟರ ಮನೆಗೆ ಹೋಗಿದ್ದೆ. ಗೇಟಿನ ಹತ್ತಿರ ಒಬ್ಬ ಬುಟ್ಟಿ ಇಟ್ಟುಕೊಂಡು ನಿಂತಿದ್ದ, ಜನ ದುಡ್ಡು ಕೊಟ್ಟು ನೋಡಿ ಕೈ ಮುಗಿಯುತ್ತಿದ್ದರು. ನಾನು ಬಗ್ಗಿ ನೋಡಿದೆ. ಎರಡು ಕಾಲಿಗೂ ದಾರ. ರೆಕ್ಕೆ ಬಿಚ್ಚದ ಹಾಗೆ ಏನೋ ಅಂಟು ಮೆತ್ತಿದ್ದ, ಗರಿಗಳು ಒಂದಕ್ಕೊಂದು ಹಿಡಿದುಕೊಂಡು ಹಳೇ ಬ್ರಷ್ ಥರ ಆಗಿದ್ದವು. ಕೊಕ್ಕು ಅರ್ಧ ತೆರೆದು ಉಸಿರಾಡುತ್ತಿತ್ತು. ಇಡೀ ನೀಲಿ ಇರುವುದೇ ರೆಕ್ಕೆಯಲ್ಲಿ ಅಂತ ಮೇಲೆ ಬರೆದಿದ್ದಾರಲ್ಲ, ಆ ನೀಲಿಯನ್ನೇ ಅಂಟು ಹಾಕಿ ಮುಚ್ಚಿ ತೋರಿಸುತ್ತಿದ್ದ. ನೋಡಿದವರಿಗೆ ಕಂಡಿದ್ದಾದರೂ ಏನು?

ನಾನು ‘ಇದು ತಪ್ಪು, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸ್ ಆಗುತ್ತದೆ’ ಅಂದೆ. ನೆಂಟರು ‘ಹಬ್ಬದ ದಿನ ಯಾಕೆ ರಗಳೆ’ ಅಂದರು. ಅವನು ಬುಟ್ಟಿ ಎತ್ತಿಕೊಂಡು ಮುಂದಿನ ಗೇಟಿಗೆ ಹೋದ. ಅರಣ್ಯ ಇಲಾಖೆಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಆ ವರ್ಷದಿಂದ ದಸರೆಗೆ ನಾನು ಊರು ಬಿಟ್ಟು ಎಲ್ಲೂ ಹೋಗುವುದಿಲ್ಲ. ಅಜ್ಜನ ದಾರಿಯಲ್ಲೇ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಈ ಸಲ ಕಾಣಲಿಲ್ಲ. ಕಳ್ಳಿಪೀರ ಕಂಡಿತು. ಮೇಲೆ ‘ನೆಂಟ’ ಅಂತ ಬರೆದದ್ದು ಓದಿ ಸಮಾಧಾನ ಆಯಿತು.

ಫೋಟೋ_ಪ್ರಿಯ

ಸ್ಟೇಟಸ್ ತೆಗೆದೆ. ಮಿಂಚುಳ್ಳಿ ಅಂತ ಬರೆದು ಮತ್ತೆ ಹಾಕಿದೆ.

ಅಲೆಮಾರಿ_ಕನ್ನಡಿಗ

ತಡವಾಗಿ ಬಂದೆ. ಸ್ವಲ್ಪ ದಾರಿ ತಪ್ಪಿಸುತ್ತೇನೆ, ಬೈಯಬೇಡಿ. ಒಣ ಕಾಡು, ನೀಲಿ ಬಣ್ಣ, ನಿಜವಾದ ಜೇ, ಮೂರೂ ಒಟ್ಟಿಗೆ ಸಿಗುವ ಜಾಗ ಬೇಕು ಅಂದರೆ ಅದು ಮಧ್ಯ ಅಮೆರಿಕ. ಕೆಲಸದ ಮೇಲೆ ಕೋಸ್ಟರಿಕಾಕ್ಕೆ ಹೋದಾಗ ವಾರಾಂತ್ಯಕ್ಕೆ ಗ್ವಾನಾಕಾಸ್ಟೆ ಅನ್ನುವ ಪ್ರಾಂತ್ಯಕ್ಕೆ ಹೋಗಿದ್ದೆ. ಕೋಸ್ಟರಿಕಾ ಅಂದರೆ ಮಳೆಕಾಡು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ವಾಯವ್ಯದ ಈ ಪ್ರಾಂತ್ಯ ಬೇರೆ. ಡಿಸೆಂಬರಿನಿಂದ ಏಪ್ರಿಲ್ ತನಕ ಮಳೆ ಇಲ್ಲ, ಮರಗಳೆಲ್ಲ ಬೋಳು, ಧೂಳು, ಕಾಲಿಟ್ಟರೆ ಚರಚರ ಅನ್ನುವ ತರಗೆಲೆ. ಕಣ್ಣು ಮುಚ್ಚಿ ಬಿಟ್ಟರೆ ಚಾಮರಾಜನಗರ ಅನ್ನಬೇಕು. ನಮ್ಮ ಬದುಗಳಲ್ಲಿ ಗೊಬ್ಬರದ ಗಿಡ ಅಂತ ನೆಡುತ್ತೀವಲ್ಲ, ಗ್ಲಿರಿಸಿಡಿಯಾ, ಅದರ ತವರು ಆ ಕಡೆಯೇ. ಬೇಲಿ ಸಾಲಿನಲ್ಲಿ ಅದನ್ನು ನೋಡಿ ಪರದೇಶದಲ್ಲಿ ಊರವರು ಸಿಕ್ಕಷ್ಟು ಖುಷಿ ಆಯಿತು, ಆಮೇಲೆ ಹೊಳೆಯಿತು, ಅವರ ಊರಿನವರು ನಮ್ಮಲ್ಲಿಗೆ ಬಂದಿದ್ದು ಅಂತ.

ಅಲ್ಲಿ ಇರುವುದು ಬಿಳಿ ಕತ್ತಿನ ಮ್ಯಾಗ್‌ಪೈ ಜೇ. ಊರವರು ‘ಉರ್ರಾಕಾ’ ಅಂತಾರೆ. ಬಾಲ ಸೇರಿ ಅರ್ಧ ಮೀಟರ್ ಉದ್ದ. ಬೆನ್ನು ಬಾಲ ನೀಲಿ, ಹೊಟ್ಟೆ ಅಚ್ಚ ಬಿಳಿ, ಎದೆಯ ಮೇಲೆ ತೆಳ್ಳಗೆ ಕಪ್ಪು ಪಟ್ಟಿ, ನೆತ್ತಿ ಮೇಲೆ ಮುಂದಕ್ಕೆ ಬಾಗಿದ ನಾಲ್ಕೈದು ಗರಿಯ ಜುಟ್ಟು. ನಮ್ಮ ನೀಲಕಂಠ ಎಷ್ಟು ಒಂಟಿಯೋ ಇದು ಅಷ್ಟೇ ಗುಂಪುಗಾರ. ಬೆಳಿಗ್ಗೆ ಹೊರಗೆ ಟೇಬಲ್ ಹಾಕಿ ಅನ್ನ, ಕಪ್ಪು ಬೀನ್ಸ್ ಕಾಳು ಕಲೆಸಿದ ಅಲ್ಲಿನ ತಿಂಡಿ ಕೊಟ್ಟಿದ್ದರು. ಆರು ಹಕ್ಕಿ ಬಂದವು. ಒಂದು ಕುರ್ಚಿ ಬೆನ್ನಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಾ ಇತ್ತು. ನಾನೂ ಅದನ್ನೇ ನೋಡುತ್ತಾ ಕೂತೆ. ಇನ್ನೊಂದು ಹಿಂದಿನಿಂದ ಬಂದು ಬಾಳೆಹಣ್ಣಿನ ತುಂಡು ಎತ್ತಿಕೊಂಡು ಹೋಯಿತು. ಅಪ್ಪಟ ಕಾಗೆ ಬುದ್ಧಿ, ‘ಮಟಪಕ್ಷಿ’ಯವರು ಒಪ್ಪುತ್ತಾರೆ.

ಇನ್ನೊಂದು ವಿಷಯ ಅಲ್ಲಿನ ಗೈಡ್ ಹೇಳಿದ್ದು, ನಂತರ ಓದಿದಾಗಲೂ ಅದೇ ಇತ್ತು. ಗುಂಪಿನಲ್ಲಿ ಮೊಟ್ಟೆ ಇಡುವ ಯಜಮಾನಿ ಒಬ್ಬಳು. ಅವಳಿಗೆ, ಅವಳ ಮರಿಗಳಿಗೆ ಊಟ ತಂದುಕೊಡುವವರಲ್ಲಿ ಜಾಸ್ತಿ ಅವಳ ಹೆಣ್ಣುಮಕ್ಕಳೇ. ಸಾಮಾನ್ಯವಾಗಿ ಹೀಗೆ ಒಟ್ಟಾಗಿ ಮರಿ ಸಾಕುವ ಹಕ್ಕಿಗಳಲ್ಲಿ ಗಂಡುಮಕ್ಕಳು ಮನೆಯಲ್ಲಿ ಉಳಿಯುತ್ತವೆ, ಹೆಣ್ಣು ಬೇರೆ ಕಡೆ ಹೋಗುತ್ತದೆ. ಇಲ್ಲಿ ಉಲ್ಟಾ, ಗಂಡು ಊರು ಬಿಡುತ್ತದೆ, ಮಗಳು ತವರಲ್ಲೇ ಉಳಿಯುತ್ತಾಳೆ. ನಮ್ಮ ಅಳಿಯಕಟ್ಟಿನ ಮನೆ ನೆನಪಾಯಿತು. ಜೊತೆಯಲ್ಲಿದ್ದ ಮಂಗಳೂರಿನ ಗೆಳತಿಗೆ ಹೇಳಿದರೆ ‘ಇದರಲ್ಲಿ ಹೊಸದೇನಿದೆ ಮಾರಾಯ’ ಅಂದಳು.

ಹಾಗಾಗಿ ಮಾವನಿಗೆ ಹೇಳಿ, ಜೇ ನೋಡಬೇಕಾದರೆ ವಿಮಾನದ ಟಿಕೆಟ್ ಬೇಕು.

ಶಿರಾ_ಕಡೆಯವ

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ, ‘ಕಂಠ ನೀಲಿ ಇಲ್ಲದಿದ್ದರೇನು, ಕುಡಿದವನಿಗೆ ಗೊತ್ತು’ ಅಂತ ಏನೋ ಅಂದು ಪೇಪರ್ ಓದೋಕೆ ಹೋದರು. ಮಾವ 1758ರ ವಿಷಯ ಕೇಳಿ ಖುಷಿಯಾಗಿದ್ದಾರೆ, ಲಿನೇಯಸ್ ನನ್ನ ಕಡೆ ಇದ್ದಾನೆ ಅಂತ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾರೆ.

ಮತ್ತೆ ನಿನ್ನೆ ಹೊಲಕ್ಕೆ ಹೋಗಿದ್ದೆ. ನೀರಿನ ಬಾಟಲ್ ಕೆಳಗಿಟ್ಟು, ಕಾಫಿ ಗೀಫಿ ಇಲ್ಲದೆ, ಒಂದು ಗಂಟೆ ಸುಮ್ನೆ ಬದುವಿನ ಮೇಲೆ ಕೂತೆ. ಅದೇ ತಂತಿ, ಅದೇ ಜಾಗ. ಈ ಸಲ ಕೂತಾಗಲೇ ನೆತ್ತಿಯ ನೀಲಿ ಟೋಪಿ ಕಂಡಿತು, ಕತ್ತಿನ ಬಿಳಿ ಗೀರೂ ಕಂಡಿತು. ಮುಂಚೆ ಯಾಕೆ ಕಾಣಲಿಲ್ಲವೋ. ಒಂದು ಗಂಟೆಯಲ್ಲಿ ಏಳು ಸಲ ಇಳಿಯಿತು, ಐದು ಸಲ ಕೊಕ್ಕಿನಲ್ಲಿ ಏನೋ ಇತ್ತು. ಮಗಳು ಲೆಕ್ಕ ಬರೆದುಕೊಂಡಿದ್ದಾಳೆ.

‘ತೆಂಗಿನ_ಬೊಡ್ಡೆ’ ಅವರೇ, ಮಾವನ ಹೊಲದ ಮೂಲೆಯಲ್ಲಿ ಒಂದು ಒಣಗಿದ ಈಚಲ ಮರ ಇದೆ, ಮೇಲ್ಗಡೆ ಎರಡು ತೂತು. ಸಂಕ್ರಾಂತಿ ಹೊತ್ತಿಗೆ ಸೌದೆಗೆ ಕಡಿಸಬೇಕು ಅಂತ ಇದ್ದರು. ಈಗ ಕಡಿಸುವುದಿಲ್ಲವಂತೆ. ‘ನಮ್ಮ ಜೇಗೆ ಬೇಕಾಗುತ್ತದೆ’ ಅಂದರು. ನಾನು ತಿದ್ದೋಕೆ ಹೋಗಲಿಲ್ಲ.